ಅರಿವೂ ಅಭಯವೂ

ಮುಂದೆ ಆಗುವುದನ್ನು ಮೊದಲೇ ತಿಳಿಯಬೇಕೆಂಬ ಹಂಬಲ ಮನುಷ್ಯನಷ್ಟೇ ಹಳೆಯದು. ಉತ್ತರ ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಕಾರಹುಣ್ಣಿಮೆಯ ಸಂಜೆ ಎತ್ತುಗಳನ್ನು ಓಡಿಸಿ ಕರಿ ಹರಿಯುತ್ತಾರಷ್ಟೆ. ಬಿಳಿಯ ಎತ್ತು ಮುಂದಾದರೆ ಹಿಂಗಾರಿ ಬೆಳೆ, ಕೆಂದೆತ್ತು ಮುಂದಾದರೆ ಮುಂಗಾರಿ ಬೆಳೆ ಕೈಗೂಡುವುದೆಂದು ಹಿರಿಯರು ಲೆಕ್ಕ ಹಾಕುತ್ತಾರೆ. ಮಳೆರಾಯ ಆ ಲೆಕ್ಕವನ್ನು ಮನ್ನಿಸುವನೋ ಇಲ್ಲವೋ, ಆ ಮಾತು ಬೇರೆ. ನಮ್ಮ ಕರ್ಜಗಿಯ ಕಾರಹುಣ್ಣಿಮೆ ಸುತ್ತಿನ ಸೀಮೆಯಲ್ಲೆಲ್ಲ ಹೆಸರಾದದ್ದು. ಆದರೆ ಹಬ್ಬದ ಮರುದಿನ ವರದೆಯ ದಂಡೆಯ ಹೊಲಕ್ಕೆ ಕೂರಿಗೆ ಹೊತ್ತು ಹೊರಡುವ ಒಕ್ಕಲಿಗನು ಎತ್ತಿನ ಬಣ್ಣವೊಂದನ್ನೇ ನಂಬಿ ಬೀಜ ಬದಲಿಸಿದ್ದನ್ನು ನಾನು ಕಂಡಿಲ್ಲ. ಶಕುನವನ್ನು ಅವನು ಕೇಳುತ್ತಾನೆ, ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾನೆ, ಆಮೇಲೆ ನೆಲದ ಹದ ನೋಡಿ ಬಿತ್ತುತ್ತಾನೆ.

ಪಾಂಡವರಲ್ಲಿ ಕಿರಿಯವನಾದ ಸಹದೇವನ ಬಗ್ಗೆ ನಮ್ಮ ಜನರಲ್ಲೊಂದು ಕಥೆಯುಂಟು. ಆಗಿದ್ದು ಆಗುವುದು ಎಲ್ಲವೂ ಅವನಿಗೆ ಗೊತ್ತು. ಆದರೆ ಕೇಳದೆ ಹೇಳುವಂತಿಲ್ಲ. ಜೂಜಿನ ಫಲವೇನು, ಕುರುಕ್ಷೇತ್ರದಲ್ಲಿ ಬೀಳುವವರು ಯಾರು, ಎಲ್ಲವನ್ನೂ ಬಲ್ಲವನಾಗಿ ಅವನು ಅಣ್ಣಂದಿರ ನಡುವೆ ಬಾಯಿ ಮುಚ್ಚಿಕೊಂಡು ಕುಳಿತ. ಯಾರೂ ಅವನನ್ನು ಕೇಳಲಿಲ್ಲ. ಅವರು ಕೇಳದಿದ್ದುದು ಮರೆವಿನಿಂದಲೋ, ಅಂಜಿಕೆಯಿಂದಲೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಇಂದು ನಮ್ಮ ಪ್ರತಿಯೊಬ್ಬರ ಮೈಯೊಳಗೂ ಒಬ್ಬ ಸಹದೇವ ಕುಳಿತಿದ್ದಾನೆ. ಅವನು ನಮ್ಮ ರಕ್ತ. ಕೇಳಿದರೆ ಹೇಳುತ್ತಾನೆ, ಕೇಳದಿದ್ದರೆ ಸುಮ್ಮನಿರುತ್ತಾನೆ. ಅವನನ್ನು ಕೇಳುವ ವಿದ್ಯೆ ಈಚಿನ ವರ್ಷಗಳಲ್ಲಿ ಬೆಳೆದು ಬಂದಿದೆ. ಕೇಳಬೇಕೆ, ಯಾವಾಗ ಕೇಳಬೇಕು, ಉತ್ತರ ಯಾರ ಕಿವಿಗೆ ಬೀಳಬೇಕು ಎಂಬುದು ಈ ಬರಹದ ವಿಷಯ. ನಾನು ಕನ್ನಡ ಪಾಠ ಹೇಳುವವನು, ವೈದ್ಯನಲ್ಲ. ಆದರೂ ಈ ಪ್ರಶ್ನೆಯ ಅರ್ಧ ಭಾಗ ಮಾತ್ರ ವೈದ್ಯಕ್ಕೆ ಸೇರಿದ್ದು, ಉಳಿದರ್ಧ ನಮ್ಮೆಲ್ಲರದು.

ಮೊದಲು ವಿಷಯವನ್ನು ಸರಳವಾಗಿ ಹೇಳಿಬಿಡುತ್ತೇನೆ. ನಮ್ಮ ದೇಹದ ಜೀವಕಣಗಳು ದಿನವೂ ಸಾಯುತ್ತವೆ, ಹೊಸವು ಹುಟ್ಟುತ್ತವೆ. ಸತ್ತ ಕಣಗಳೊಳಗಿನ ಡಿ.ಎನ್.ಎ. ತುಂಡು ತುಂಡಾಗಿ ರಕ್ತದಲ್ಲಿ ತೇಲುತ್ತದೆ. ಕೆಲವು ಗಂಟೆಗಳಲ್ಲಿ ಕರಗಿಹೋಗುತ್ತದೆ. ರಕ್ತದ ನೀರಿನಲ್ಲಿ ಇಂಥ ಅಂಶವಿದೆಯೆಂದು 1948ರಲ್ಲಿಯೇ ಮಾಂಡೆಲ್ ಮತ್ತು ಮೆತೇ ಎಂಬ ಇಬ್ಬರು ಫ್ರೆಂಚ್ ವಿಜ್ಞಾನಿಗಳು ತೋರಿಸಿದ್ದರು. ಕ್ಯಾನ್ಸರಿನ ಗಡ್ಡೆಯೂ ಹೀಗೆಯೇ ತನ್ನ ತುಂಡುಗಳನ್ನು ಉದುರಿಸುತ್ತದೆ. ಆ ತುಂಡುಗಳಲ್ಲಿ ಗಡ್ಡೆಗೇ ವಿಶಿಷ್ಟವಾದ ಅಕ್ಷರದೋಷಗಳಿರುತ್ತವೆ. ಹಸ್ತಪ್ರತಿಗಳನ್ನು ಹೋಲಿಸಿ ನೋಡುವ ನಮ್ಮಂಥವರಿಗೆ ಇದು ಬೇಗ ತಿಳಿಯುತ್ತದೆ: ಒಬ್ಬ ಲಿಪಿಕಾರ ಮಾಡಿದ ತಪ್ಪು ಎಲ್ಲೆಲ್ಲಿ ಕಾಣುವುದೋ ಅಲ್ಲೆಲ್ಲ ಅವನ ಪ್ರತಿಯ ವಂಶವಿದೆಯೆಂದು ನಾವು ಹೇಳುತ್ತೇವಲ್ಲವೆ? ಪ್ರಯೋಗಾಲಯದವರು ಮಾಡುವುದೂ ಅದನ್ನೇ. ಗಡ್ಡೆಯನ್ನು ತೆಗೆದ ಮೇಲೂ ಅದೇ ತಪ್ಪು ರಕ್ತದಲ್ಲಿ ಕಾಣಿಸಿಕೊಂಡರೆ ಎಲ್ಲೋ ಒಂದು ಕಡೆ ಆ ವಂಶ ಉಳಿದಿದೆಯೆಂದು ತಿಳಿಯುತ್ತಾರೆ. ಸಾವಿರ ತುಂಡುಗಳಲ್ಲಿ ಒಂದಕ್ಕಿಂತ ಕಡಿಮೆಯಿದ್ದರೂ ಅದನ್ನು ಹೆಕ್ಕುವ ಯಂತ್ರಗಳಿವೆ. ಬೆಂಗಳೂರಿನ ಸ್ಟ್ರಾಂಡ್ ಲೈಫ್ ಸೈನ್ಸಸ್, ಮೆಡ್‌ಜೀನೋಮ್ ಮೊದಲಾದ ಪ್ರಯೋಗಾಲಯಗಳು ರಕ್ತದಿಂದ ಗಡ್ಡೆಯ ಡಿ.ಎನ್.ಎ. ಹುಡುಕುವ ಕೆಲಸದಲ್ಲಿ ತೊಡಗಿವೆ. ಆದ್ದರಿಂದ ಇದು ಎಲ್ಲೋ ಸಮುದ್ರದಾಚೆಯ ಮಾತಲ್ಲ.

ಈ ಪರೀಕ್ಷೆಯಿಂದ ಏನು ತಿಳಿದುಬಂದಿದೆ? ಜಪಾನಿನಲ್ಲಿ ಶಸ್ತ್ರಕ್ರಿಯೆಯಾದ ಸಾವಿರಕ್ಕೂ ಮಿಕ್ಕಿದ ಕರುಳಿನ ಕ್ಯಾನ್ಸರ್ ರೋಗಿಗಳನ್ನು ಹಿಂಬಾಲಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಲ್ಕು ವಾರಗಳ ಬಳಿಕ ರಕ್ತದಲ್ಲಿ ಗಡ್ಡೆಯ ಗುರುತು ಉಳಿದವರಿಗೆ ರೋಗ ಮರಳುವ ಅಪಾಯ ಉಳಿದವರಿಗಿಂತ ಸುಮಾರು ಹತ್ತು ಪಟ್ಟು. ಆಸ್ಟ್ರೇಲಿಯಾದ ವೈದ್ಯರು ಇನ್ನೊಂದು ಹೆಜ್ಜೆ ಮುಂದೆ ಹೋದರು. ದೊಡ್ಡ ಕರುಳಿನ ಎರಡನೆಯ ಹಂತದ ಕ್ಯಾನ್ಸರಿನ 455 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ರಕ್ತ ಹೇಳಿದಂತೆ, ಇನ್ನೊಂದಕ್ಕೆ ಹಳೆಯ ಪದ್ಧತಿಯಂತೆ ಚಿಕಿತ್ಸೆ ಕೊಟ್ಟರು. 2022ರಲ್ಲಿ ಫಲಿತಾಂಶ ಬಂತು. ರಕ್ತವನ್ನು ಕೇಳಿದ ಗುಂಪಿನಲ್ಲಿ ಕೀಮೋ ಪಡೆದವರು ನೂರಕ್ಕೆ 15, ಹಳೆಯ ಪದ್ಧತಿಯವರಲ್ಲಿ 28. ಎರಡು ವರ್ಷಗಳ ನಂತರ ರೋಗವಿಲ್ಲದೆ ಉಳಿದವರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ, ನೂರಕ್ಕೆ 93ರ ಆಸುಪಾಸು. ಬೇಡದ ಔಷಧ ತಪ್ಪಿತು, ಕೇಡೂ ಆಗಲಿಲ್ಲ. ಗುದನಾಳದ ಕ್ಯಾನ್ಸರಿಗೆ ಇದೇ ಬಗೆಯ ಪ್ರಯೋಗ ನಡೆದಾಗ ಅಲ್ಲಿಯೂ ಕೀಮೋ ಪಡೆದವರ ಸಂಖ್ಯೆ ಇಳಿಯಿತು. ಆದರೆ ಎಣಿಸಿದಷ್ಟು ರೋಗಿಗಳು ಸೇರುವ ಮೊದಲೇ ಪ್ರಯೋಗ ನಿಂತುದರಿಂದ ರೋಗ ಮರಳುವ ಬಗ್ಗೆ ಗಟ್ಟಿಯಾಗಿ ತೀರ್ಪು ಹೇಳುವ ಬಲ ಅದಕ್ಕೆ ಬರಲಿಲ್ಲ.

ಬೇಡದ ಔಷಧ ತಪ್ಪುವುದು ಸಣ್ಣ ಲಾಭವೆಂದು ಯಾರೂ ತಿಳಿಯಬಾರದು. ಈ ರೋಗಕ್ಕೆ ಕೊಡುವ ಆಕ್ಸಾಲಿಪ್ಲಾಟಿನ್ ಎಂಬ ಔಷಧದಿಂದ ಕೈಕಾಲುಗಳ ಬೆರಳು ಜೋಮು ಹಿಡಿಯುತ್ತವೆ. ಕೆಲವರಿಗೆ ಅದು ವರ್ಷಗಟ್ಟಲೆ ಬಿಡುವುದಿಲ್ಲ. ಬ್ಯಾಡಗಿಯಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಗಳ ಅನ್ನವೆಲ್ಲ ಅವಳ ಬೆರಳ ತುದಿಯಲ್ಲಿದೆ. ಬರಿಗಾಲಲ್ಲಿ ಎರೆಹೊಲ ತುಳಿಯುವವನಿಗೆ ಮುಳ್ಳು ಚುಚ್ಚಿದ್ದು ತಿಳಿಯದಿದ್ದರೆ ಹುಣ್ಣಾದ ಮೇಲೆಯೇ ತಿಳಿಯುವುದು. ಇವರಿಗೆ ‘ಎಲ್ಲಕ್ಕೂ ಇರಲಿ’ ಎಂದು ಕೊಟ್ಟ ಔಷಧ ನಿಜವಾಗಿ ಬೇಕಾಗಿರಲಿಲ್ಲ ಎಂದಾದರೆ ಆ ನಷ್ಟವನ್ನು ತುಂಬುವವರು ಯಾರು?

ಗುದನಾಳದ ಮಾತು ಬಂದಾಗ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ. 1908ರಲ್ಲಿ ಇಂಗ್ಲೆಂಡಿನ ಅರ್ನೆಸ್ಟ್ ಮೈಲ್ಸ್ ಎಂಬ ಶಸ್ತ್ರವೈದ್ಯ ಗುದನಾಳವನ್ನೂ ಗುದದ್ವಾರವನ್ನೂ ಪೂರ್ತಿ ತೆಗೆದು ಹೊಟ್ಟೆಯ ಮೇಲೆ ಮಲದ ದಾರಿ ಮಾಡುವ ಕ್ರಮವನ್ನು ಪ್ರಕಟಿಸಿದ. ಅದರಿಂದ ಬದುಕಿಕೊಂಡವರು ಅಸಂಖ್ಯರು. ಹೊಟ್ಟೆಗೆ ಚೀಲ ಕಟ್ಟಿಕೊಂಡು ಉತ್ತು ಬಿತ್ತು ಮೊಮ್ಮಕ್ಕಳನ್ನು ಕಂಡವರು ನಮ್ಮ ನಡುವೆಯೇ ಇದ್ದಾರೆ. ಅದರಲ್ಲಿ ನಾಚಿಕೆಪಡುವುದೇನೂ ಇಲ್ಲ. ಆದರೂ ಪಂಕ್ತಿಯಲ್ಲಿ ಕೂಡುವ, ಗುಡಿಯ ಕಟ್ಟೆಯ ಮೇಲೆ ನಾಲ್ವರ ಜೊತೆ ಕಾಲ ಕಳೆಯುವ ಹಳ್ಳಿಗನಿಗೆ ಆ ಚೀಲ ಎಷ್ಟು ಭಾರವೆಂಬುದನ್ನು ತಕ್ಕಡಿಯಲ್ಲಿ ತೂಗಲಾಗದು. ಬ್ರೆಜಿಲಿನ ಏಂಜೆಲಿಟಾ ಹಬ್ರ್ ಗಾಮಾ ಎಂಬ ಶಸ್ತ್ರವೈದ್ಯೆ 2004ರಲ್ಲಿ ಬೇರೊಂದು ದಾರಿಯನ್ನು ಲೋಕದ ಮುಂದಿಟ್ಟಳು: ವಿಕಿರಣದಿಂದಲೂ ಔಷಧದಿಂದಲೂ ಗಡ್ಡೆ ಪೂರ್ತಿ ಕರಗಿದಂತೆ ಕಂಡರೆ ಕತ್ತರಿಸದೆ ಕಾದು ನೋಡುವುದು. ಹಲವು ದೇಶಗಳಲ್ಲಿ ಹೀಗೆ ಕಾದು ನೋಡಿದ 880 ರೋಗಿಗಳ ಲೆಕ್ಕ 2018ರಲ್ಲಿ ಹೊರಬಂತು. ಎರಡು ವರ್ಷಗಳೊಳಗೆ ನಾಲ್ವರಲ್ಲಿ ಒಬ್ಬರಿಗೆ ಅದೇ ಜಾಗದಲ್ಲಿ ಗಡ್ಡೆ ಮತ್ತೆ ಚಿಗುರಿತ್ತು, ಮೂವರಿಗೆ ಚಿಗುರಿರಲಿಲ್ಲ. ಆ ಒಬ್ಬ ಯಾರು, ಮೂವರು ಯಾರು? ಇದನ್ನು ಮೊದಲೇ ತಿಳಿಯುವುದಾದರೆ ಎಷ್ಟು ಚೆನ್ನ! ಇಲ್ಲಿಯೇ ರಕ್ತದ ಪರೀಕ್ಷೆಯ ಮೇಲೆ ಎಲ್ಲರ ಕಣ್ಣು ಬಿದ್ದಿರುವುದು.

ನನ್ನ ಸೋದರಮಾವನವರ ಸಂಗತಿಯನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗದು. ಕರ್ಜಗಿಯಲ್ಲಿ ಅವರ ಮನೆ, ವಯಸ್ಸು ಅರವತ್ತೆಂಟು, ಜೋಳ, ಮೆಣಸಿನಕಾಯಿ ಬೆಳೆಯುವವರು. ವರ್ಷವಿಡೀ ರಕ್ತ ಬೀಳುತ್ತಿದ್ದುದನ್ನು ಮೂಲವ್ಯಾಧಿಯೆಂದು ತಿಳಿದು ನಾಟಿ ಔಷಧ ಮಾಡಿಕೊಂಡರು. ನಮ್ಮ ಕಡೆ ಈ ರೋಗ ತಡವಾಗಿ ಗೊತ್ತಾಗುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಹುಬ್ಬಳ್ಳಿಯಲ್ಲಿ ಐದು ವಾರ ‘ಕರೆಂಟು’ ಕೊಟ್ಟರು, ಕೀಮೋ ಕೊಟ್ಟರು. ಗಡ್ಡೆ ಕಣ್ಣಿಗೆ ಕಾಣದಂತಾಯಿತು. ಗಡ್ಡೆ ತೀರ ಕೆಳಗಿದ್ದುದರಿಂದ ಕತ್ತರಿಸಿದರೆ ಕಾಯಂ ಚೀಲ. ಕತ್ತರಿಸದಿದ್ದರೆ ಮೂರು ತಿಂಗಳಿಗೊಮ್ಮೆ ಬಂದು ತೋರಿಸಿಕೊಳ್ಳಬೇಕು, ಮರಳುವ ಭಯವನ್ನು ಹೊತ್ತಿರಬೇಕು. ಮಾವನವರ ಮಕ್ಕಳಿಬ್ಬರು ರಕ್ತದ ಪರೀಕ್ಷೆಯ ಸುದ್ದಿ ಕೇಳಿದ್ದರು. ಮಾಡಿಸೋಣ, ಫಲಿತಾಂಶ ನಮ್ಮ ಕೈಗೆ ಬರಲಿ, ಅಪ್ಪನಿಗೆ ಹೇಳುವುದು ಬೇಡ ಎಂದು ನನ್ನೊಡನೆ ಆಲೋಚನೆ ಮಾಡಿದರು. ಒಳಗೆ ಮಲಗಿದ್ದ ಮಾವನವರು ಎದ್ದು ಬಂದರು.

“ತಮ್ಮಾ, ಆ ಚೀಟಿ ಬಂದ ಮ್ಯಾಲೆ ನೀವು ಮಾಡೂದರಾಗ ಏನರ ಬದಲಾಕ್ಕತೇನು?” ಎಂದು ನನ್ನನ್ನು ಕೇಳಿದರು. “ಏನೂ ಬದಲಾಗೂದಿಲ್ಲ ಅಂದ್ರ ರೊಕ್ಕ ಯಾಕ ಕಳೀತೀರಿ? ಬದಲಾಗೂದು ಖರೆ ಅಂದ್ರ, ಮೊದಲ ನನಗ ಹೇಳ್ರಿ. ಹೊಟ್ಟಿ ನಂದು.”

ಎಂ.ಎ. ಮಾಡಿದ ನನಗಾಗಲಿ ಇಂಜಿನಿಯರಾದ ಅವರ ಮಗನಿಗಾಗಲಿ ಈ ಪ್ರಶ್ನೆ ಹೊಳೆದಿರಲಿಲ್ಲ. ವೈದ್ಯರನ್ನು ಕೇಳಿದೆವು. ಅವರು ನಿಷ್ಕಪಟವಾಗಿ ಹೇಳಿದರು: ರಕ್ತ ಶುದ್ಧವೆಂದು ಬಂದ ಮಾತ್ರಕ್ಕೆ ನಿಶ್ಚಿಂತರಾಗಿರಿ ಎನ್ನಲಾರೆ, ಏಕೆಂದರೆ ಸಣ್ಣ ಶೇಷವೊಂದು ರಕ್ತಕ್ಕೆ ಏನನ್ನೂ ಉದುರಿಸದೆ ಅಡಗಿರಬಹುದು, ದೋಷವಿದೆಯೆಂದು ಬಂದರೆ ಇನ್ನಷ್ಟು ಎಚ್ಚರದಿಂದ ಹುಡುಕುತ್ತೇನೆ, ಆದರೆ ದುರ್ಬೀನಿನಲ್ಲಿಯೂ ಎಂ.ಆರ್.ಐ.ಯಲ್ಲಿಯೂ ಏನೂ ಕಾಣದೆ ಅದೊಂದರ ಮೇಲೆಯೇ ಕತ್ತಿ ಎತ್ತಲಾರೆ. ಮಾವನವರು ಪರೀಕ್ಷೆ ಬೇಡವೆಂದರು, ಕಾದು ನೋಡುವುದನ್ನು ಆರಿಸಿಕೊಂಡರು. ಎರಡು ವರ್ಷವಾಗುತ್ತ ಬಂತು. ಮೂರು ತಿಂಗಳಿಗೊಮ್ಮೆ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿಬರುತ್ತಾರೆ. ಅವರು ಕ್ಷೇಮವಾಗಿದ್ದಾರೆಂಬುದರಿಂದ ಅವರ ಆಯ್ಕೆ ಸರಿಯೆಂದು ಸಿದ್ಧವಾಗುವುದಿಲ್ಲ. ನಾಳೆ ರೋಗ ಮರಳಿದರೂ ಅದು ತಪ್ಪೆಂದು ಸಿದ್ಧವಾಗುವುದಿಲ್ಲ. ಆಯ್ಕೆಯ ಯೋಗ್ಯತೆಯನ್ನು ಫಲದಿಂದ ಅಳೆಯುವುದು ಜೂಜುಗಾರನ ಲೆಕ್ಕ. ಅವರು ಕೇಳಿದ ಪ್ರಶ್ನೆಯೇ ನನಗೆ ಮುಖ್ಯ.

ಅರಿವು ಯಾವಾಗಲೂ ಒಳ್ಳೆಯದೆಂದು ನಾವು ಶಾಲೆಯಲ್ಲಿ ಕಲಿಸುತ್ತೇವೆ. ಅದು ಮುಕ್ಕಾಲು ಸತ್ಯ. ಕೆಲವು ಅರಿವಿನ ಹಿಂದೆ ಒಂದು ಕೆಲಸವಿರುತ್ತದೆ. ಬಾವಿಯ ನೀರು ಕೆಟ್ಟಿದೆಯೆಂದು ತಿಳಿದರೆ ಬೇರೆ ಬಾವಿಗೆ ಹೋಗುತ್ತೇವೆ. ಇನ್ನು ಕೆಲವು ಅರಿವಿಗೆ ಹಾಗೆ ಕೈಕಾಲುಗಳಿಲ್ಲ. ರಕ್ತದಲ್ಲಿ ದೋಷ ಕಂಡಿದೆ, ಆದರೆ ಯಾವ ಚಿತ್ರದಲ್ಲಿಯೂ ಗಡ್ಡೆ ಕಂಡಿಲ್ಲ. ಕಾಣುವುದಕ್ಕೆ ಹಲವು ತಿಂಗಳು ಹಿಡಿಯಬಹುದು. ಆ ತಿಂಗಳುಗಳಲ್ಲಿ ಆ ಮನುಷ್ಯ ರೋಗಿಯೋ ಆರೋಗ್ಯವಂತನೋ? ಅವನು ಉಣ್ಣುತ್ತಾನೆ, ನಡೆಯುತ್ತಾನೆ, ನೋವಿಲ್ಲ. ಆದರೆ ಪ್ರತಿ ಹೊಟ್ಟೆನೋವೂ ಅವನಿಗೆ ಯಮನ ಕರೆಯಂತೆ ಕೇಳುತ್ತದೆ. ದೋಷ ಕಂಡವರಿಗೆ ಹೆಚ್ಚು ಬಲವಾದ ಔಷಧ ಕೊಟ್ಟರೆ ಗುಣವಾದೀತೆಂದು ಆಸೆಪಟ್ಟ ವೈದ್ಯರು ದೊಡ್ಡ ಕರುಳಿನ ಮೂರನೆಯ ಹಂತದ ರೋಗಿಗಳಲ್ಲಿ ಹಾಗೆ ಮಾಡಿ ನೋಡಿದರು. 2025ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಔಷಧವನ್ನು ಹೆಚ್ಚಿಸಿದ್ದರಿಂದ ರೋಗ ಮರಳುವುದು ಕಡಿಮೆಯಾಗಲಿಲ್ಲ. ಸಹದೇವ ಹೇಳಿದ್ದು ನಿಜವಾಯಿತು. ಕುರುಕ್ಷೇತ್ರ ಮಾತ್ರ ತಪ್ಪಲಿಲ್ಲ.

ಇಲ್ಲಿ ಪರೀಕ್ಷಿತನ ಕಥೆಯನ್ನು ಎತ್ತಿ ನನಗೆ ಉತ್ತರ ಹೇಳುವವರಿದ್ದಾರೆ. ಏಳು ದಿನದಲ್ಲಿ ಸಾವೆಂದು ತಿಳಿದುದರಿಂದಲೇ ಅವನು ಗಂಗೆಯ ದಂಡೆಯಲ್ಲಿ ಕುಳಿತು ಶುಕಮುನಿಯಿಂದ ಭಾಗವತ ಕೇಳಿದ. ತಿಳಿಯದಿದ್ದರೆ ಬೇಟೆಯಾಡುತ್ತ ಸಾಯುತ್ತಿದ್ದ. ಕೆಲಸಕ್ಕೆ ಬಾರದ ಅರಿವೂ ಮನಸ್ಸನ್ನು ತಿದ್ದಬಲ್ಲದು ಎಂಬುದು ಅವರ ವಾದ. ನಾನು ಅದನ್ನು ಒಪ್ಪುತ್ತೇನೆ. ನನ್ನ ಸಹೋದ್ಯೋಗಿನಿಯೊಬ್ಬರು ಇದನ್ನೇ ಬೇರೆ ಮಾತಿನಲ್ಲಿ ಹೇಳಿದರು: “ಸರ್, ನಿಮ್ಮ ಮಾವನವರ ಮಕ್ಕಳು ದೊಡ್ಡವರಾಗಿದ್ದಾರೆ. ನನ್ನ ಮಗಳಿಗೆ ಈಗ ಒಂಬತ್ತು ವರ್ಷ. ಆರು ತಿಂಗಳು ಮೊದಲೇ ತಿಳಿಯುವುದಾದರೆ ನನಗೆ ತಿಳಿಯಲೇಬೇಕು. ಔಷಧವಿಲ್ಲದಿದ್ದರೂ ಅವಳಿಗೆ ಹೇಳಬೇಕಾದ ಮಾತುಗಳಿವೆ.” ಈ ಮಾತಿಗೆ ಎದುರಾಡುವ ಧೈರ್ಯ ನನಗಿಲ್ಲ, ಎದುರಾಡಲೂಬಾರದು. ಪರೀಕ್ಷಿತನಿಗೂ ನಮಗೂ ಇರುವ ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಅವನಿಗೆ ಬಂದದ್ದು ಋಷಿಯ ಶಾಪ; ಅದರಲ್ಲಿ ಸಂದೇಹವಿರಲಿಲ್ಲ. ನಮಗೆ ಬರುವುದು ನೂರರಲ್ಲಿ ಇಷ್ಟು ಎಂಬ ಲೆಕ್ಕ. ಆ ಲೆಕ್ಕ ನೂರು ಜನರ ಬಗ್ಗೆ ನಿಜ. ಅವರಲ್ಲಿ ಒಬ್ಬನಾದ ನನ್ನ ಬಗ್ಗೆ ಅದು ಸುಮ್ಮನಿದೆ. ನಾನು ನೂರಕ್ಕೆ ಹತ್ತು ಪಾಲು ಸಾಯುವವನಲ್ಲ; ಒಂದೋ ಉಳಿಯುತ್ತೇನೆ, ಇಲ್ಲವೆ ಸಾಯುತ್ತೇನೆ. ಪರೀಕ್ಷಿತನ ಶಾಂತಿಗೆ ಅವನ ನಿಶ್ಚಯವೇ ಆಧಾರವಾಗಿತ್ತು. ಸಂದೇಹದ ನಡುವೆ ಕುಳಿತು ಭಾಗವತ ಕೇಳುವುದು ಅದಕ್ಕಿಂತ ಕಠಿಣವಾದ ತಪಸ್ಸು, ಎಲ್ಲರಿಗೂ ಸಾಧ್ಯವಾದುದಲ್ಲ.

ಹಾಗಾದರೆ ಕೇಳುವ ಹಕ್ಕು ಎಷ್ಟು ದೊಡ್ಡದೋ ಕೇಳದಿರುವ ಹಕ್ಕೂ ಅಷ್ಟೇ ದೊಡ್ಡದು. ಎರಡೂ ಯಾರ ಮೈಯೋ ಅವರವು. ನಮ್ಮ ಮನೆಗಳಲ್ಲಿ ಇದು ಬೇಗ ಒಪ್ಪಿಗೆಯಾಗುವುದಿಲ್ಲ. ಕ್ಯಾನ್ಸರ್ ಎಂಬ ಹೆಸರನ್ನು ರೋಗಿಯ ಮುಂದೆ ಎತ್ತದೆ ‘ಗಂಟು’, ‘ಹುಣ್ಣು’ ಎಂದು ಹೇಳಿ, ಕಾಗದಗಳನ್ನು ಟ್ರಂಕಿನಲ್ಲಿ ಬಚ್ಚಿಟ್ಟು ನಡೆಸಿಕೊಂಡು ಹೋಗುವುದು ಪ್ರೀತಿಯ ಲಕ್ಷಣವೆಂದು ನಾವು ತಿಳಿದಿದ್ದೇವೆ. ಆ ಪ್ರೀತಿ ಸುಳ್ಳಲ್ಲ. ಆದರೆ ಚೀಲ ಕಟ್ಟಿಕೊಳ್ಳುವವನು, ಬೆರಳು ಜೋಮು ಹಿಡಿಸಿಕೊಳ್ಳುವವನು ರೋಗಿ, ಮಕ್ಕಳಲ್ಲ. ಬಚ್ಚಿಟ್ಟ ಅರಿವಿನಿಂದ ರೋಗಿ ತನ್ನ ಮನೆಯಲ್ಲಿಯೇ ಒಂಟಿಯಾಗುತ್ತಾನೆ. ಎಲ್ಲರ ಮುಖ ನೋಡಿ ಅವನಿಗೆ ಸಂಶಯ. ಅವನ ಮುಖ ನೋಡಿ ಎಲ್ಲರಿಗೂ ಅಂಜಿಕೆ. ಮಾವನವರ “ಹೊಟ್ಟಿ ನಂದು” ಎಂಬ ಮಾತಿನಲ್ಲಿ ನೀತಿಶಾಸ್ತ್ರದ ಒಂದು ಅಧ್ಯಾಯವೇ ಅಡಗಿದೆ.

ಇನ್ನು ಹಣದ ಮಾತು. ಬಡಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವು ಕೊಡುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ನಮ್ಮಲ್ಲಿದೆ. ಕ್ಯಾನ್ಸರಿನ ಶಸ್ತ್ರಕ್ರಿಯೆ, ವಿಕಿರಣ, ಕೀಮೋಗಳು ಅದರಿಂದ ಅನೇಕರಿಗೆ ದೊರೆತಿವೆ. ರಕ್ತದ ಈ ಹೊಸ ಪರೀಕ್ಷೆಯಾದರೋ ಬಹುಮಟ್ಟಿಗೆ ಕೈಯಿಂದ ಹಣ ತೆತ್ತು ಮಾಡಿಸುವಂಥದು. ಅದೂ ಒಂದು ಸಲವಲ್ಲ, ಮೇಲಿಂದ ಮೇಲೆ. ಹೊಲ ಒತ್ತೆಯಿಟ್ಟು ಪರೀಕ್ಷೆ ಮಾಡಿಸಿ, ಬಂದ ಉತ್ತರಕ್ಕೆ ತಕ್ಕ ಚಿಕಿತ್ಸೆಗೆ ಹಣವಿಲ್ಲದೆ ಕುಳಿತರೆ ಆ ಅರಿವು ಮನೆಗೆ ಬಂದ ಇನ್ನೊಬ್ಬ ಸಾಲಗಾರ. ಹೊಸ ವಿದ್ಯೆಯನ್ನು ನಾನು ಹಳಿಯುತ್ತಿಲ್ಲ. ಬೇಡದ ಔಷಧದಿಂದ ಬಡವನನ್ನು ಪಾರುಮಾಡುವ ಶಕ್ತಿ ಅದಕ್ಕೆ ಇರುವುದಾದರೆ ಅದು ಮೊದಲು ತಲುಪಬೇಕಾದದ್ದು ಬಡವನನ್ನೇ. ಗುದನಾಳದ ರೋಗಕ್ಕೆ ಆ ಶಕ್ತಿ ಇದೆಯೆಂದು ನಮ್ಮ ರೋಗಿಗಳ ಮೇಲೆಯೇ ಸಿದ್ಧವಾದ ದಿನ, ಸರಕಾರ ಅದರ ವೆಚ್ಚವನ್ನು ವಹಿಸಿಕೊಳ್ಳುವುದು ದಾನವಲ್ಲ, ಧರ್ಮ.

ನಮ್ಮ ಊರಿಗೆ ಹರಿದಾಸ ಪರಂಪರೆಯ ನಂಟೊಂದಿದೆ. ಶ್ರೀದವಿಠಲಾಂಕಿತದ ಕರ್ಜಗಿ ದಾಸಪ್ಪನವರು ಜಗನ್ನಾಥದಾಸರ ಶಿಷ್ಯರು. ಆ ಜಗನ್ನಾಥದಾಸರು ಒಮ್ಮೆ ಉದರಶೂಲೆಯಿಂದ ಬಳಲಿ ಬದುಕುವ ಆಸೆ ಬಿಟ್ಟಿದ್ದರಂತೆ. ವಿಜಯದಾಸರ ಮಾತಿನಂತೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದು ಐತಿಹ್ಯ. ಈ ಕಥೆಯನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನನಗೆ ಅದರಲ್ಲಿ ಕಾಣುವುದು ಇಷ್ಟು: ರೋಗಿಯ ಮುಂದೆ ಕುಳಿತ ಹಿರಿಯರು ಅವನಿಗೆ ಎಷ್ಟು ದಿನ ಉಳಿದಿದೆಯೆಂದು ಎಣಿಸಲಿಲ್ಲ, ತಮ್ಮಲ್ಲಿದ್ದ ದಿನಗಳನ್ನು ಕೊಟ್ಟರು. ಯಾವ ಪರೀಕ್ಷೆಯೂ ದಿನಗಳನ್ನು ಕೊಡುವುದಿಲ್ಲ. ಅದು ಎಣಿಸುತ್ತದೆ, ಎಚ್ಚರಿಸುತ್ತದೆ. ಅಷ್ಟಕ್ಕೆ ಅದರ ಕೆಲಸ ಮುಗಿಯಿತು. ಕೊಡುವವರು ಮನುಷ್ಯರೇ ಆಗಬೇಕು. ಮೂರು ತಿಂಗಳಿಗೊಮ್ಮೆ ಬೆರಳಿಟ್ಟು, ದುರ್ಬೀನಿಟ್ಟು ನೋಡುವ ವೈದ್ಯ, ಕೆಲಸಕ್ಕೆ ರಜೆ ಹಾಕಿ ಜೊತೆಗೆ ಹೋಗುವ ಮಗ, ಚೀಲ ಬದಲಿಸಲು ಕಲಿಸುವ ದಾದಿ, ಇವರು ಕೊಡುವುದು ತಮ್ಮ ಆಯುಷ್ಯದ ತುಣುಕುಗಳನ್ನೇ ಅಲ್ಲವೆ?

ಆದ್ದರಿಂದ ಈ ವಿಷಯದಲ್ಲಿ ನನಗೆ ತೋರುವ ನಿಯಮಗಳು ಮೂರು. ರಕ್ತವನ್ನು ಕೇಳುವ ಮೊದಲು, ಹೌದೆಂದರೆ ಏನು ಮಾಡುತ್ತೇವೆ, ಇಲ್ಲವೆಂದರೆ ಏನು ಮಾಡುತ್ತೇವೆ ಎಂಬುದನ್ನು ರೋಗಿಯೂ ವೈದ್ಯರೂ ಕುಳಿತು ಮಾತಾಡಿಕೊಳ್ಳಬೇಕು. ಎರಡಕ್ಕೂ ಒಂದೇ ಉತ್ತರವಾದರೆ, ಅರಿತು ಮನಸ್ಸನ್ನು ಸಿದ್ಧಮಾಡಿಕೊಳ್ಳುವ ಆಸೆ ರೋಗಿಗೆ ಇದ್ದ ಹೊರತು ಕೇಳಬೇಕಾಗಿಲ್ಲ. ಎರಡನೆಯದು, ಬಂದ ಉತ್ತರ ಮೊದಲು ಮುಟ್ಟಬೇಕಾದದ್ದು ರೋಗಿಯ ಕಿವಿಗೆ. ತನಗೆ ಬೇಡ, ಮಗನಿಗೆ ಹೇಳಿರಿ ಎಂದು ಅವನೇ ಹೇಳಿದರೆ ಅದೂ ಅವನ ಇಚ್ಛೆಯೇ. ಮೂರನೆಯದು, ಉತ್ತರ ಕೊಟ್ಟವರು ಕೊಟ್ಟು ಎದ್ದುಹೋಗಬಾರದು. ಕೆಟ್ಟ ಸುದ್ದಿಯ ಹಿಂದೆ ಒಬ್ಬ ಮನುಷ್ಯ ಜೊತೆಗಿರಬೇಕು.

ಸಹದೇವ ಕೇಳದೆ ಹೇಳಲಿಲ್ಲವೆಂದು ನಾವು ಅವನನ್ನು ದೂರುತ್ತೇವೆ. ಕೇಳಿದರೆ ಹೇಳುತ್ತಿದ್ದ ಎಂಬುದಾದರೂ ಅಣ್ಣಂದಿರಿಗೆ ಗೊತ್ತಿತ್ತೋ ಇಲ್ಲವೋ! ಇಂದಿನ ವೈದ್ಯವಿದ್ಯೆಯ ಮೇಲೆ ಅಷ್ಟಾದರೂ ಹೊಣೆಯಿದೆ: ನಿನ್ನ ರಕ್ತ ಇಷ್ಟನ್ನು ಹೇಳಬಲ್ಲದು, ಇಷ್ಟನ್ನು ಹೇಳಲಾರದು ಎಂದು ಹಳ್ಳಿಯ ರೋಗಿಗೆ ಅವನ ಮಾತಿನಲ್ಲಿಯೇ ತಿಳಿಸುವುದು. ಅಲ್ಲಿಂದ ಮುಂದೆ ಕೇಳುವುದೂ ಸುಮ್ಮನಿರುವುದೂ ಅವನಿಗೆ ಸೇರಿದ್ದು. ಹಾಗೆ ತಾನೇ ಆರಿಸಿಕೊಂಡವನಿಗೆ ಅರಿವಿನಿಂದ ಬರುವ ಅಭಯವೂ ಉಂಟು, ಅರಿಯದೆ ಉಳಿಯುವ ಅಭಯವೂ ಉಂಟು.